ಹಗೇವಿನ ರಾಗಿಯಿಂದ ಆಯ್ಲರ್ ಸಮೀಕರಣಕ್ಕೆ: ಎಂ.ಎ. ಸಮಗ್ರ ಅರ್ಥಶಾಸ್ತ್ರ ಓದುವವರಿಗೆ

ಎಂ.ಎ. ಮೊದಲ ಸೆಮಿಸ್ಟರ್‌ನ ಮೊದಲ ಟೆಸ್ಟಿನಲ್ಲಿ ನನಗೆ ಸಮಗ್ರ ಅರ್ಥಶಾಸ್ತ್ರಕ್ಕೆ ಇಪ್ಪತ್ತಕ್ಕೆ ಆರು ಬಂದಿತ್ತು. ಬಿ.ಎ.ಯಲ್ಲಿ ಅದೇ ವಿಷಯಕ್ಕೆ ಎಪ್ಪತ್ತರ ಮೇಲೆ ತೆಗೆದಿದ್ದವನು ನಾನು. ಉತ್ತರ ಪತ್ರಿಕೆ ಕೈಗೆ ಬಂದಾಗ ನೋಡಿದರೆ ಬರೆದ ಸಮೀಕರಣದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದಿದ್ದರು: "ಅಂದರೆ ಏನು?"

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮಂಡ್ಯದಿಂದ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಬಂದು, ಮಾನಸಗಂಗೋತ್ರಿಯಲ್ಲಿ ಪಾಠ ಕೇಳಿ, ಸರಸ್ವತಿಪುರಂನ ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರ್‌ಗಳ ನೋಟ್ಸ್ ಪ್ರತಿ ಮಾಡಿಸಿಕೊಂಡು, ಸಂಜೆಯ ರೈಲಿನಲ್ಲಿ ಅದನ್ನೇ ಬಾಯಿಪಾಠ ಮಾಡುತ್ತಿದ್ದೆ. ಓದುತ್ತಿರಲಿಲ್ಲ ಎನ್ನುವಂತಿಲ್ಲ, ಆದರೆ ಓದುವ ರೀತಿ ಬಿ.ಎ.ಯದಾಗಿತ್ತು. ಆ ತಪ್ಪನ್ನು ತಿದ್ದಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ನಿಮಗೆ ಒಂದು ತಿಂಗಳು ಸಾಕಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬದಲಾಗುವುದು ಏನು

ಬಿ.ಎ.ಯಲ್ಲಿ ಸೀಮಾಂತ ಅನುಭೋಗ ಪ್ರವೃತ್ತಿ (ಹೆಚ್ಚುವರಿ ಬಂದ ಒಂದು ರೂಪಾಯಿಯಲ್ಲಿ ಖರ್ಚಾಗುವ ಪಾಲು) 0.8 ಎಂದು ಕೊಟ್ಟರೆ 0.8, ಗುಣಕ 5, ಲೆಕ್ಕ ಮುಗಿಯಿತು. ಎಂ.ಎ.ಯಲ್ಲಿ ಅದು ಯಾಕೆ 0.8 ಎಂದು ಕೇಳುತ್ತಾರೆ. ಒಂದು ಕುಟುಂಬ ಈ ವರ್ಷ ಎಷ್ಟು ಖರ್ಚು ಮಾಡುತ್ತದೆ ಎನ್ನುವುದು ಈ ವರ್ಷದ ಆದಾಯದ ಮೇಲೆ ಮಾತ್ರ ನಿಂತಿಲ್ಲ. ಮುಂದಿನ ವರ್ಷ ಏನು ಬಂದೀತು, ಬಡ್ಡಿ ಎಷ್ಟು, ಸಾಲ ಸಿಕ್ಕೀತೆ, ಸರ್ಕಾರ ಏನು ಮಾಡೀತು ಎಂಬೆಲ್ಲ ಅಂದಾಜುಗಳೂ ಅದರಲ್ಲಿ ಸೇರಿವೆ. ಕೇನ್ಸ್ 1936ರಲ್ಲಿ ಹೇಳಿದ್ದನ್ನು ಹಿಕ್ಸ್ 1937ರಲ್ಲಿ ಎರಡು ರೇಖೆಗಳಿಗೆ ಇಳಿಸಿದರು: ಸರಕಿನ ಮಾರುಕಟ್ಟೆಗೆ ಐಎಸ್, ಹಣದ ಮಾರುಕಟ್ಟೆಗೆ ಎಲ್‌ಎಂ. ಬಿ.ಎ. ಹೆಚ್ಚುಕಡಿಮೆ ಅಲ್ಲಿಗೆ ನಿಲ್ಲುತ್ತದೆ. ಎಂ.ಎ. ಪಾಠದ ಬಹುಭಾಗ 1950ರ ನಂತರದ್ದು. ಅದರ ಉದ್ದಕ್ಕೂ ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತದೆ: ಇವತ್ತಿಗೆ ಎಷ್ಟು, ನಾಳೆಗೆ ಎಷ್ಟು? ಇದು ಮನಸ್ಸಿನಲ್ಲಿ ನಿಂತರೆ ಮಾದರಿಗಳು ಒಂದಕ್ಕೊಂದು ನೆಂಟರು ಎಂದು ಗೊತ್ತಾಗುತ್ತದೆ. ನಿಲ್ಲದಿದ್ದರೆ ಇಪ್ಪತ್ತು ಮಾದರಿಗಳನ್ನು ಇಪ್ಪತ್ತು ಸಲ ಬೇರೆ ಬೇರೆಯಾಗಿ ಉರು ಹೊಡೆಯಬೇಕಾಗುತ್ತದೆ.

ಮೊದಲ ಹೆಜ್ಜೆ: ಮೂರು ವಾರ ಗಣಿತ, ಅಷ್ಟೇ

ಕಲಾ ವಿಭಾಗದಿಂದ ಬಂದವರು ಗಣಿತಕ್ಕೆ ಹೆದರಿ ಒಂದೋ ಅದನ್ನು ಪೂರ್ತಿ ಬಿಡುತ್ತಾರೆ, ಇಲ್ಲವೇ ದಪ್ಪ ಪುಸ್ತಕ ತಂದು ಮೊದಲ ಪುಟದಿಂದ ಶುರು ಮಾಡಿ ನಲವತ್ತನೇ ಪುಟಕ್ಕೆ ಸುಸ್ತಾಗುತ್ತಾರೆ. ಎರಡೂ ಬೇಡ. ಮೊದಲ ಸೆಮಿಸ್ಟರ್‌ಗೆ ಬೇಕಾಗಿರುವುದು ನಾಲ್ಕು: ಅವಕಲನ (ಭಾಗಶಃ ಅವಕಲನ ಸೇರಿ); ಷರತ್ತಿಗೊಳಪಟ್ಟ ಗರಿಷ್ಠೀಕರಣ, ಅಂದರೆ ಲಗ್ರಾಂಜ್ ವಿಧಾನ; ಲಾಗ್ ಮತ್ತು ಬೆಳವಣಿಗೆ ದರ; ಈ ವರ್ಷದ ಬೆಲೆಯಿಂದ ಮುಂದಿನ ವರ್ಷದ ಬೆಲೆ ಬರುವ ಅಂತರ ಸಮೀಕರಣ. ಮ್ಯಾಟ್ರಿಕ್ಸ್ ಆಮೇಲೆ ನೋಡಿಕೊಂಡರಾಯಿತು.

ಇವುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದೂ ಎಲ್ಲರೂ ಕಡೆಗಣಿಸುವುದೂ ಲಾಗ್. ಎರಡು ರಾಶಿಗಳ ಗುಣಲಬ್ಧದ ಬೆಳವಣಿಗೆ ದರ ಅವೆರಡರ ಬೆಳವಣಿಗೆ ದರಗಳ ಮೊತ್ತಕ್ಕೆ ಹತ್ತಿರವಿರುತ್ತದೆ. ಬೆಲೆ ಶೇ. 4, ಉತ್ಪಾದನೆ ಶೇ. 6 ಏರಿದರೆ ರೂಪಾಯಿ ಲೆಕ್ಕದ ಜಿಡಿಪಿ ಸುಮಾರು ಶೇ. 10 ಏರುತ್ತದೆ; ಕರಾರುವಾಕ್ಕಾಗಿ 10.24. ಹಣದ ಪರಿಮಾಣ ಸಿದ್ಧಾಂತದಿಂದ ಹಿಡಿದು ಬೆಳವಣಿಗೆಯ ಲೆಕ್ಕಾಚಾರದವರೆಗೆ ಇದೇ ಸೂತ್ರ ಓಡಾಡುತ್ತದೆ. ಜೊತೆಗೆ 70ರ ನಿಯಮ: ಶೇ. 7ರಂತೆ ಬೆಳೆಯುವುದು ಹತ್ತು ವರ್ಷಕ್ಕೆ ದುಪ್ಪಟ್ಟಾಗುತ್ತದೆ, ಶೇ. 3.5ರಂತೆ ಬೆಳೆಯುವುದು ಇಪ್ಪತ್ತಕ್ಕೆ.

ದಿನಕ್ಕೆ ಐದು ಲೆಕ್ಕ, ಕೈಯಲ್ಲಿ ಪೆನ್ನು ಹಿಡಿದು. ಗಣಿತವನ್ನು ಕಣ್ಣಲ್ಲಿ ಓದುವುದೂ ಈಜುವವರನ್ನು ಕಾವೇರಿ ದಡದಲ್ಲಿ ಕೂತು ನೋಡುವುದೂ ಒಂದೇ.

ಎರಡನೇ ಹೆಜ್ಜೆ: ಪಠ್ಯಕ್ರಮದ ಸಾಲನ್ನು ಬಿಟ್ಟು, ಎರಡು ವರ್ಷದ ಲೆಕ್ಕದಿಂದ ಶುರು ಮಾಡಿ

ಪಠ್ಯಕ್ರಮಗಳು ಸಾಮಾನ್ಯವಾಗಿ ರಾಷ್ಟ್ರೀಯ ವರಮಾನ, ಕೇನ್ಸ್, ಐಎಸ್‌-ಎಲ್‌ಎಂ ಎಂದು ಇತಿಹಾಸದ ಕ್ರಮದಲ್ಲಿ ಸಾಗುತ್ತವೆ. ತರಗತಿ ಹಾಗೆ ನಡೆಯಲಿ. ಮನೆಯಲ್ಲಿ ಮೊದಲು ಎರಡು ಅವಧಿಯ ಅನುಭೋಗದ ಮಾದರಿ ಹಿಡಿಯಿರಿ. ನನಗೆ ಅದು ಅರ್ಥವಾದದ್ದು ತರಗತಿಯಲ್ಲಲ್ಲ, ಮನೆಯಲ್ಲಿ.

ನಮ್ಮ ಕಡೆ ಹಿಂದೆ ಹಗೇವು ಇರುತ್ತಿದ್ದವು. ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಟೆಸ್ಟಿನ ಅಂಕ ಹೇಳದೆ ಮುಖ ಊದಿಸಿಕೊಂಡು ಕೂತಿದ್ದ ಒಂದು ಭಾನುವಾರ ಅಜ್ಜಿ ಯಾವುದೋ ಹಳೇ ಬರಗಾಲದ ಮಾತು ತೆಗೆದರು. ಒಳ್ಳೇ ಬೆಳೆ ಬಂದ ವರ್ಷ ಯಾಕೆ ಚೆನ್ನಾಗಿ ಉಂಡು ಖಾಲಿ ಮಾಡುತ್ತಿರಲಿಲ್ಲ ಎಂದು ಕೇಳಿದೆ. "ಹೊಟ್ಟೆ ತುಂಬಿದ ಮೇಲಿನ ಮುದ್ದೆ ರುಚಿ ಕೊಡಾಕಿಲ್ಲ ಕಣ್ ಮಗ. ಅದೇ ಮುದ್ದೆ ಬರದಲ್ಲಿ ಅಮೃತ" ಅಂದರು. ಸೀಮಾಂತ ತುಷ್ಟಿಗುಣ ಇಳಿಯುತ್ತದೆ, ಆದ್ದರಿಂದ ಮನುಷ್ಯ ಅನುಭೋಗವನ್ನು ವರ್ಷದಿಂದ ವರ್ಷಕ್ಕೆ ಸಮ ಮಾಡಿಕೊಳ್ಳಲು ನೋಡುತ್ತಾನೆ. ಆಯ್ಲರ್ ಸಮೀಕರಣ ಹೇಳುವುದೂ ಇಷ್ಟನ್ನೇ: ಇವತ್ತು ಒಂದು ಸೇರು ರಾಗಿ ಬಿಟ್ಟುಕೊಟ್ಟರೆ ಆಗುವ ನಷ್ಟವೂ, ಆ ಸೇರು ಬಡ್ಡಿ ಸಮೇತ ನಾಳೆ ಬಂದಾಗ ಸಿಗುವ ಸುಖದಲ್ಲಿ ಕಾದ ಬೇಸರ ಕಳೆದು ಉಳಿಯುವುದೂ ಸಮವಾಗಿರಬೇಕು. ಸಮವಿಲ್ಲದಿದ್ದರೆ ಒಂದು ಸೇರನ್ನು ಆಚೆ ಈಚೆ ಮಾಡಿ ಇನ್ನೂ ಸುಖವಾಗಿರಬಹುದಿತ್ತು.

ಈಗ ಲೆಕ್ಕ. ಒಬ್ಬ ರೈತನಿಗೆ ಈ ವರ್ಷ ಕಬ್ಬಿನಿಂದ ಕೈಗೆ 1,50,000 ರೂಪಾಯಿ ಬರುತ್ತದೆ. ಮುಂದಿನ ವರ್ಷ ಕೂಳೆ ಬೆಳೆ, ನೀರೂ ಕಡಿಮೆ, 45,000 ಮಾತ್ರ. ಬಡ್ಡಿ ಶೇ. 10. ತುಷ್ಟಿಗುಣ ಲಾಗ್ ರೂಪದ್ದು, ಕಾಯುವ ಬೇಸರದ ದರವೂ ಶೇ. 10 ಎಂದಿಟ್ಟುಕೊಳ್ಳಿ. ಬಡ್ಡಿಯೂ ಬೇಸರವೂ ಒಂದನ್ನೊಂದು ಹೊಡೆದುಹಾಕುವುದರಿಂದ ಎರಡೂ ವರ್ಷದ ಖರ್ಚು ಸಮವಾಗುತ್ತದೆ. ಉತ್ತರ: ವರ್ಷಕ್ಕೆ 1,00,000. ಈ ವರ್ಷ 50,000 ಉಳಿಸುತ್ತಾನೆ, ಅದು 55,000 ಆಗಿ ಮುಂದಿನ ವರ್ಷದ 45,000ದ ಜೊತೆ ಸೇರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ಈ ವರ್ಷ ಮಾತ್ರ 21,000 ಹೆಚ್ಚುವರಿ ಬಂತು ಎನ್ನಿ. ಖರ್ಚು ಎಷ್ಟು ಏರುತ್ತದೆ? ವರ್ಷಕ್ಕೆ 11,000. ಅದೇ 21,000 ಎರಡೂ ವರ್ಷ ಬರುವುದಾದರೆ ಖರ್ಚು ಪೂರ್ತಿ 21,000 ಏರುತ್ತದೆ. ಫ್ರೀಡ್‌ಮನ್ 1957ರಲ್ಲಿ ಮುಂದಿಟ್ಟ ಶಾಶ್ವತ ಆದಾಯದ ವಾದದ ತಿರುಳು ಈ ಎರಡು ಸಂಖ್ಯೆಗಳಲ್ಲಿದೆ: ತಾತ್ಕಾಲಿಕ ಆದಾಯದ ದೊಡ್ಡ ಭಾಗ ಉಳಿತಾಯಕ್ಕೆ ಹೋಗುತ್ತದೆ (ಇಲ್ಲಿ ಎರಡೇ ವರ್ಷವಾದ್ದರಿಂದ 10,000; ವರ್ಷಗಳು ಹೆಚ್ಚಿದಷ್ಟೂ ಈ ಭಾಗ ಹೆಚ್ಚು), ಶಾಶ್ವತ ಆದಾಯ ಖರ್ಚಿಗೆ ಹೋಗುತ್ತದೆ. ಮೇಲೆ ಕೇಳಿದ "ಯಾಕೆ 0.8" ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಎರಡೂ ಲೆಕ್ಕವನ್ನು ಕೈಯಲ್ಲಿ ಮಾಡಿ ನೋಡದೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಸುತ್ತ ಕಣ್ಣು ಹಾಯಿಸಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ಕೊಡುವ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಆ ದುಡ್ಡಿನಲ್ಲಿ ಎಷ್ಟು ಭಾಗ ಖರ್ಚಾಗುತ್ತದೆ? ಇದು ಹೀಗೇ ಇರುತ್ತದೆ ಎಂದು ನಂಬಿದ ಮನೆಯಲ್ಲಿ ಒಂದು ಉತ್ತರ, ಮುಂದಿನ ಚುನಾವಣೆವರೆಗೆ ಎಂದುಕೊಂಡ ಮನೆಯಲ್ಲಿ ಇನ್ನೊಂದು. ಸಾಲವೇ ಸಿಗದ ಬಡ ಮನೆಯಲ್ಲಿ ಮೂರನೆಯದು: ಅಲ್ಲಿ ಬಂದದ್ದೆಲ್ಲ ಅವತ್ತೇ ಅಂಗಡಿಗೆ ಹೋಗುತ್ತದೆ, ತಾತ್ಕಾಲಿಕವೋ ಶಾಶ್ವತವೋ ಎಂಬ ಲೆಕ್ಕಕ್ಕೆ ಅಲ್ಲಿ ಜಾಗವಿಲ್ಲ. ಸಾಲದ ನಿರ್ಬಂಧ ಇರುವಲ್ಲಿ ಆಯ್ಲರ್ ಸಮೀಕರಣ ಸಮವಾಗಿ ನಿಲ್ಲುವುದಿಲ್ಲ ಎಂದು ಪುಸ್ತಕ ಹೇಳುವುದು ಈ ಮೂರನೇ ಮನೆಯ ಬಗ್ಗೆ. ರಾಬರ್ಟ್ ಹಾಲ್ 1978ರಲ್ಲಿ ತೋರಿಸಿದ್ದು, ವಿವೇಚನೆಯಿಂದ ಮುಂದಾಲೋಚಿಸುವವರ ಅನುಭೋಗ ಹೊಸ ಸುದ್ದಿ ಬಂದಾಗ ಮಾತ್ರ ಬದಲಾಗುತ್ತದೆ ಎಂದು. ಹಾಗಿದ್ದರೆ ದುಡ್ಡು ಖಾತೆಗೆ ಬಂದ ದಿನವಲ್ಲ, ಯೋಜನೆ ಘೋಷಣೆಯಾದ ದಿನವೇ ಖರ್ಚು ಏರಬೇಕಿತ್ತು. ನಿಮ್ಮ ಬೀದಿಯ ಕಿರಾಣಿ ಅಂಗಡಿಯವರನ್ನು ವಿಚಾರಿಸಿ ನೋಡಿ.

ಮೂರನೇ ಹೆಜ್ಜೆ: ಸೋಲೋ ಮಾದರಿಯನ್ನು ಸಂಖ್ಯೆ ಹಾಕಿ ಓಡಿಸಿ

ಬೆಳವಣಿಗೆಯ ಅಧ್ಯಾಯದಲ್ಲಿ ಎಲ್ಲರೂ ಚಿತ್ರ ಬರೆಯುತ್ತಾರೆ, ಸಂಖ್ಯೆ ಹಾಕುವವರು ಕಡಿಮೆ. ತಲಾ ಉತ್ಪಾದನೆ ತಲಾ ಬಂಡವಾಳದ ವರ್ಗಮೂಲ ಎಂದಿಟ್ಟುಕೊಳ್ಳಿ. ಉಳಿತಾಯ ದರ ಶೇ. 30, ಸವಕಳಿಯೂ ಜನಸಂಖ್ಯೆ ಬೆಳವಣಿಗೆಯೂ ಸೇರಿ ಶೇ. 10. ಬಂಡವಾಳ 1ರಿಂದ ಶುರುವಾದರೆ ಉತ್ಪಾದನೆ 1, ಉಳಿತಾಯ 0.3, ಸವಕಳಿ 0.1, ಮುಂದಿನ ವರ್ಷದ ಬಂಡವಾಳ 1.2. ಎಕ್ಸೆಲ್‌ನಲ್ಲಿ ಒಂದೊಂದು ಸಾಲಿಗೆ ಒಂದೊಂದು ವರ್ಷದಂತೆ ನೂರು ಸಾಲು ಎಳೆಯಿರಿ. ಬಂಡವಾಳ 9ರ ಹತ್ತಿರ ಹೋಗಿ ನಿಲ್ಲುತ್ತದೆ. ಅಲ್ಲಿ ಉತ್ಪಾದನೆ 3, ಉಳಿತಾಯ 0.9, ಸವಕಳಿಯೂ 0.9. ಹಾಕಿದ್ದೆಲ್ಲ ತೇಪೆ ಹಾಕುವುದಕ್ಕೇ ಸರಿಹೋಗುತ್ತದೆ. ಇದೇ ಸ್ಥಿರ ಸ್ಥಿತಿ.

ಈಗ ಉಳಿತಾಯ ದರ ಬದಲಿಸಿ. ಶೇ. 30 ಇದ್ದಾಗ ಸ್ಥಿರ ಸ್ಥಿತಿಯ ಅನುಭೋಗ 2.1. ಶೇ. 50 ಮಾಡಿದರೆ 2.5. ಶೇ. 60 ಮಾಡಿದರೆ 2.4ಕ್ಕೆ ಇಳಿಯುತ್ತದೆ! ಹೆಚ್ಚು ಉಳಿಸಿ ಬಡವರಾಗುವುದು ಸಾಧ್ಯ. ಅನುಭೋಗ ಅತಿ ಹೆಚ್ಚಿರುವ ಆ ಶೇ. 50ರ ಉಳಿತಾಯ ದರವೇ ಸುವರ್ಣ ನಿಯಮದ ದರ. ಇದನ್ನು ನೂರು ಸಲ ಓದಿದ್ದೆ, ಆದರೆ ಕಂಪ್ಯೂಟರ್ ಪರದೆಯ ಮೇಲೆ 2.5 ಇದ್ದದ್ದು 2.4 ಆದದ್ದನ್ನು ಕಂಡ ದಿನ ನಂಬಿದೆ. ಹಾಗೆಯೇ ಉಳಿತಾಯ ದರ ಏರಿಸಿದರೆ ಬೆಳವಣಿಗೆ ಕೆಲವು ವರ್ಷ ಚುರುಕಾಗಿ ಮತ್ತೆ ಹಳೆಯ ದರಕ್ಕೇ ಬರುವುದೂ ಆ ನೂರು ಸಾಲಿನಲ್ಲಿ ಕಾಣುತ್ತದೆ. ಹ್ಯಾರೊಡ್ 1939ರಲ್ಲೂ ಡೋಮರ್ 1946ರಲ್ಲೂ ಹೇಳಿದ್ದಕ್ಕೂ ಸೋಲೋ 1956ರಲ್ಲಿ ಹೇಳಿದ್ದಕ್ಕೂ ಇರುವ ಮುಖ್ಯ ಅಂತರವೇ ಅದು: ಮೊದಲಿಬ್ಬರ ಮಾದರಿಯಲ್ಲಿ ಉಳಿತಾಯ ಏರಿದರೆ ಬೆಳವಣಿಗೆ ದರವೂ ಏರಿಯೇ ಉಳಿಯುತ್ತದೆ. ನಮ್ಮ ಎರಡನೇ ಪಂಚವಾರ್ಷಿಕ ಯೋಜನೆಯ ಮಹಲನೋಬಿಸ್ ಮಾದರಿ ಇದೇ ಕಾಲದ್ದು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಭಾರತೀಯ ಅರ್ಥವ್ಯವಸ್ಥೆಯ ಪತ್ರಿಕೆಗೂ ಉಪಯೋಗ.

ಸೋಲೋ ಉಳಿತಾಯ ದರವನ್ನು ಹೊರಗಿನಿಂದ ಕೊಟ್ಟುಬಿಟ್ಟರು. ಆ ದರವನ್ನು ಕುಟುಂಬವೇ ನಿರ್ಧರಿಸಿದರೆ? ಅಂದರೆ ಸೋಲೋ ಮಾದರಿಯೊಳಗೆ ಅಜ್ಜಿಯನ್ನು ಕೂರಿಸಿದರೆ? ಅದೇ ರ್‍ಯಾಮ್ಸೆ ಮಾದರಿ. ಫ್ರಾಂಕ್ ರ್‍ಯಾಮ್ಸೆ ಅದನ್ನು 1928ರಲ್ಲೇ ಬರೆದಿದ್ದರು. ಕ್ಯಾಸ್ ಮತ್ತು ಕೂಪ್‌ಮನ್ಸ್ 1965ರಲ್ಲಿ ಈಗಿನ ರೂಪ ಕೊಟ್ಟರು. ವಿದ್ಯಾರ್ಥಿಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿ, ಹ್ಯಾಮಿಲ್ಟೋನಿಯನ್ ಎಂಬ ಹೆಸರು ಕೇಳಿಯೇ. ನನ್ನ ಸಲಹೆ: ಮೊದಲು ಎರಡು ಅವಧಿ, ಆಮೇಲೆ ಮೂರು ಅವಧಿ, ಆಮೇಲೆ ಕೊನೆಯಿಲ್ಲದ ಅವಧಿ ಎಂದು ಲಗ್ರಾಂಜ್ ವಿಧಾನದಲ್ಲೇ ಬೆಳೆಸಿಕೊಂಡು ಹೋಗಿ. ಪ್ರತಿ ಸಲವೂ ಅದೇ ಆಯ್ಲರ್ ಸಮೀಕರಣ ಹೊರಬೀಳುತ್ತದೆ. ಹ್ಯಾಮಿಲ್ಟೋನಿಯನ್ ಅದೇ ಕೆಲಸವನ್ನು ಕ್ಷಣ ಕ್ಷಣದ ಕಾಲಕ್ಕೆ ಮಾಡುತ್ತದೆ. ಬಾಣಗಳ ಚಿತ್ರ (ಫೇಸ್ ಡಯಾಗ್ರಾಂ) ಬರೆಯುವಾಗ ಮಾತ್ರ ಆತುರ ಬೇಡ. ಬಂಡವಾಳ ಬದಲಾಗದ ರೇಖೆ, ಅನುಭೋಗ ಬದಲಾಗದ ರೇಖೆ, ಇವೆರಡೂ ಸೇರಿ ಚಿತ್ರವನ್ನು ನಾಲ್ಕು ಭಾಗ ಮಾಡುತ್ತವೆ. ಪ್ರತಿ ಭಾಗದಲ್ಲಿ ಬಂಡವಾಳ ಏರುತ್ತದೋ ಇಳಿಯುತ್ತದೋ, ಅನುಭೋಗ ಏರುತ್ತದೋ ಇಳಿಯುತ್ತದೋ ಎಂದು ಬಾಯಲ್ಲಿ ಹೇಳಿಕೊಂಡು ಬಾಣ ಹಾಕಿ.

ಸ್ಯಾಮ್ಯುಯಲ್ಸನ್ 1958, ಡೈಮಂಡ್ 1965 ಎಂದು ಬರುವ ತಲೆಮಾರುಗಳ ಮಾದರಿಯೂ ಹೀಗೆಯೇ: ದುಡಿಯುವ ವಯಸ್ಸು ಒಂದು ಅವಧಿ, ಮುಪ್ಪು ಇನ್ನೊಂದು. ಇಂದು ದುಡಿಯುವವರ ತೆರಿಗೆಯಿಂದ ಇಂದಿನ ಮುದುಕರಿಗೆ ಹೋಗುವ ಸಂಧ್ಯಾ ಸುರಕ್ಷಾ ಥರದ ಪಿಂಚಣಿಯನ್ನು ಎದುರಿಗಿಟ್ಟುಕೊಂಡರೆ ಅರ್ಧ ಮಾದರಿ ತಾನೇ ಬಿಡಿಸಿಕೊಳ್ಳುತ್ತದೆ.

ಒಂದು ಪಕ್ಕದ ಮಾತು. ಬೆಳವಣಿಗೆ ಸಿದ್ಧಾಂತದಲ್ಲಿ 1986 ಮತ್ತು 1990ರ ಪ್ರಬಂಧಗಳ ರೋಮರ್ ಎಂದರೆ ಪಾಲ್ ರೋಮರ್, 2018ರ ನೊಬೆಲ್ ಪಡೆದವರು. ಎಂ.ಎ.ಗೆ ಎಲ್ಲರೂ ಹೇಳುವ ದಪ್ಪ ಪಠ್ಯ ಬರೆದವರು ಡೇವಿಡ್ ರೋಮರ್. ಇಬ್ಬರನ್ನೂ ಒಂದು ಮಾಡಿ ಉತ್ತರ ಬರೆದವರನ್ನು ನಾನು ಬಲ್ಲೆ. ಕನ್ನಡಿ ನೋಡಿದಾಗಲೆಲ್ಲ ಎದುರಿಗೆ ಸಿಗುತ್ತಾರೆ.

ಐಎಸ್‌-ಎಲ್‌ಎಂಗೆ ಒಂದು ವಾರ

ಇದನ್ನು ಬಿ.ಎ.ಯಲ್ಲೇ ಓದಿರುತ್ತೀರಿ. ಹೊಸದಾಗಿ ಮಾಡಬೇಕಾದ್ದು ರೇಖೆಗಳ ಇಳಿಜಾರನ್ನು ಬೀಜಗಣಿತದಲ್ಲಿ ತೆಗೆಯುವುದು, ಅದಕ್ಕೆ ವಿದೇಶಿ ವಿನಿಮಯ ಸೇರಿಸಿ ಮಂಡೆಲ್-ಫ್ಲೆಮಿಂಗ್ ಮಾಡುವುದು. ಬಂಡವಾಳ ಸಲೀಸಾಗಿ ಗಡಿ ದಾಟುವಾಗ, ವಿನಿಮಯ ದರ ಸ್ಥಿರವಿದ್ದರೆ ಯಾವ ನೀತಿ (ಸರ್ಕಾರದ ಖರ್ಚು-ತೆರಿಗೆಯದೋ, ಕೇಂದ್ರ ಬ್ಯಾಂಕಿನ ಹಣದ್ದೋ) ಕೆಲಸ ಮಾಡುತ್ತದೆ, ತೇಲುತ್ತಿದ್ದರೆ ಯಾವುದು ಎಂಬ ನಾಲ್ಕು ಪ್ರಕರಣಗಳನ್ನು ನಿದ್ದೆಗಣ್ಣಲ್ಲೂ ಹೇಳುವಂತಿರಬೇಕು. ಯುಜಿಸಿ-ನೆಟ್‌ನಂಥ ಪರೀಕ್ಷೆಗೂ ಬೇಕಾಗುವ ಸರಕು ಇದು. ಒಂದು ವಾರಕ್ಕಿಂತ ಹೆಚ್ಚು ದಿನ ಇಲ್ಲಿ ಕಳೆಯಬೇಡಿ.

ನಾಲ್ಕನೇ ಹೆಜ್ಜೆ: ನಿರೀಕ್ಷೆಗಳನ್ನು ಸಾಲಮನ್ನಾದಿಂದ ಅರ್ಥ ಮಾಡಿಕೊಳ್ಳಿ

1970ರ ದಶಕದಲ್ಲಿ ಈ ಶಾಸ್ತ್ರ ತಲೆಕೆಳಗಾಯಿತು. ಫಿಲಿಪ್ಸ್ 1958ರಲ್ಲಿ ಬ್ರಿಟನ್ನಿನ ಅಂಕಿ ಅಂಶದಲ್ಲಿ ನಿರುದ್ಯೋಗ ಮತ್ತು ಕೂಲಿ ಏರಿಕೆಯ ನಡುವೆ ವಿಲೋಮ ಸಂಬಂಧ ಕಂಡರು. ಸ್ವಲ್ಪ ಹಣದುಬ್ಬರ ಸಹಿಸಿಕೊಂಡರೆ ನಿರುದ್ಯೋಗ ಇಳಿಸಬಹುದು ಎಂದು ನೀತಿ ಮಾಡುವವರು ಅದನ್ನು ಓದಿಕೊಂಡರು. ಜನ ಹಣದುಬ್ಬರವನ್ನು ನಿರೀಕ್ಷಿಸಲು ಕಲಿತ ಮೇಲೆ ಈ ಕೊಡುಕೊಳ್ಳುವಿಕೆ ಉಳಿಯುವುದಿಲ್ಲ ಎಂದು ಫೆಲ್ಪ್ಸ್ ಮತ್ತು ಫ್ರೀಡ್‌ಮನ್ 1960ರ ದಶಕದ ಕೊನೆಯಲ್ಲೇ ಎಚ್ಚರಿಸಿದ್ದರು. ಬೆಲೆಯೂ ನಿರುದ್ಯೋಗವೂ ಒಟ್ಟಿಗೇ ಏರಿದ ಮುಂದಿನ ದಶಕ ಅವರ ಮಾತನ್ನು ನಿಜ ಮಾಡಿತು. 1976ರಲ್ಲಿ ಲ್ಯೂಕಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಹಳೆಯ ನೀತಿಯ ಕಾಲದ ಅಂಕಿ ಅಂಶದಿಂದ ಹೊಸ ನೀತಿಯ ಫಲ ಊಹಿಸಲಾಗದು, ಏಕೆಂದರೆ ನೀತಿ ಬದಲಾದಾಗ ಜನರ ನಡವಳಿಕೆಯೂ ಬದಲಾಗುತ್ತದೆ.

ಮಂಡ್ಯದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸಾಲಮನ್ನಾ ಎಂಬುದೇ ಇಲ್ಲದ ಕಾಲದಲ್ಲಿ ಸೊಸೈಟಿ ಸಾಲ ನೂರಕ್ಕೆ ಇಷ್ಟು ಮಂದಿ ಕಟ್ಟುತ್ತಿದ್ದರು ಎಂದು ಲೆಕ್ಕವಿದೆ ಎನ್ನಿ. ಆ ಲೆಕ್ಕ ನಂಬಿ "ಒಂದು ಸಲ ಮನ್ನಾ ಮಾಡಿದರೆ ಖರ್ಚು ಇಷ್ಟೇ, ಮುಂದೆ ಎಲ್ಲರೂ ಮೊದಲಿನಂತೆ ಕಟ್ಟುತ್ತಾರೆ" ಎಂದು ಯಾರಾದರೂ ಹೇಳಿದರೆ ಅರಳಿಕಟ್ಟೆಯಲ್ಲಿ ಕೂತವರು ನಗುತ್ತಾರೆ. ಒಂದು ಸಲ ಮನ್ನಾ ಆದ ಮೇಲೆ ಕಟ್ಟಬಲ್ಲವರೂ ಚುನಾವಣೆ ಹತ್ತಿರ ಬಂದಾಗ ಸ್ವಲ್ಪ ತಡೆದು ನೋಡುತ್ತಾರೆ. ಲ್ಯೂಕಸ್ ವಿಮರ್ಶೆ ಎಂದರೆ ಆ ನಗು. (ರೈತರನ್ನು ದೂರುವ ಮಾತಲ್ಲ ಇದು. ದೊಡ್ಡ ಕಂಪನಿಗಳ ಸಾಲ ರೈಟ್‌ಆಫ್ ಆಗುವುದನ್ನು ನೋಡುವ ಇತರ ಕಂಪನಿಗಳಿಗೂ ಇದೇ ತರ್ಕ ಅನ್ವಯಿಸುತ್ತದೆ.)

ಇದೇ ಉದಾಹರಣೆಯನ್ನು ಸ್ವಲ್ಪ ತಿರುಗಿಸಿದರೆ ಕಿಡ್‌ಲ್ಯಾಂಡ್ ಮತ್ತು ಪ್ರೆಸ್ಕಾಟ್ 1977ರಲ್ಲಿ ಬರೆದ ಕಾಲ ಅಸಂಗತತೆ ಸಿಗುತ್ತದೆ. "ಇದೇ ಕೊನೆಯ ಮನ್ನಾ" ಎಂದು ಸರ್ಕಾರ ಇವತ್ತು ಪ್ರಾಮಾಣಿಕವಾಗಿಯೇ ಹೇಳಬಹುದು. ಆದರೆ ಮುಂದಿನ ಬರಗಾಲದಲ್ಲಿ, ಸಾಲ ಈಗಾಗಲೇ ಕೊಟ್ಟಾಗಿರುವಾಗ, ಮಾತು ಮುರಿಯುವುದೇ ಅದಕ್ಕೆ ಲಾಭ. ಇದು ಜನಕ್ಕೂ ಗೊತ್ತು. ಗೊತ್ತಿರುವುದರಿಂದ ಇವತ್ತಿನ ಮಾತನ್ನು ನಂಬುವುದಿಲ್ಲ. ಕೇಂದ್ರ ಬ್ಯಾಂಕ್‌ಗೆ ಸ್ವಾಯತ್ತತೆ ಯಾಕೆ, ಹಣದುಬ್ಬರದ ಗುರಿಯನ್ನು ಕಾನೂನಿನಲ್ಲಿ ಯಾಕೆ ಬರೆಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ಇವರಿಬ್ಬರಿಗೆ 2004ರಲ್ಲಿ ನೊಬೆಲ್ ಬಂದದ್ದರಲ್ಲಿ ಈ ಪ್ರಬಂಧದ ಪಾಲೂ ಇದೆ. ಈ ಅಧ್ಯಾಯವನ್ನು ನಿಮ್ಮೂರಿನ ಒಬ್ಬರಿಗೆ ಕನ್ನಡದಲ್ಲಿ, ಒಂದೂ ಪಾರಿಭಾಷಿಕ ಪದವಿಲ್ಲದೆ ಹೇಳಿ ನೋಡಿ. ಅವರು ಎದುರು ಪ್ರಶ್ನೆ ಹಾಕಿದರೆ ನೀವು ಸರಿಯಾಗಿ ಹೇಳಿದ್ದೀರಿ ಎಂದರ್ಥ.

ಐದನೇ ಹೆಜ್ಜೆ: ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕಿನ ಹೇಳಿಕೆ ಓದಿ

ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ಇರುವುದರಿಂದ ಇಲ್ಲಿನ ವಿದ್ಯಾರ್ಥಿಗಳಿಗೆ ಹಣ ಎಂದರೆ ಅಚ್ಚಾದ ನೋಟು ಎಂಬ ಕಲ್ಪನೆ ಸ್ವಲ್ಪ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಮೊದಲು ಕಿತ್ತು ಹಾಕಿ. ಎಂ3 ಎಂಬ ಹಣದ ಪೂರೈಕೆಯಲ್ಲಿ ದೊಡ್ಡ ಪಾಲು ಬ್ಯಾಂಕ್ ಠೇವಣಿ. ಬ್ಯಾಂಕು ಸಾಲ ಕೊಟ್ಟಾಗ ಠೇವಣಿ ಹುಟ್ಟುತ್ತದೆ. ಮುದ್ರಣಾಲಯ ಎರಡು ಪಾಳಿ ನಡೆದರೆ ಹಣದುಬ್ಬರ ಬಂದುಬಿಡುವುದಿಲ್ಲ. ಹಳೆ ನೋಟಿನ ಬದಲಿಗೆ ಹೊಸದು ಹೋಗುತ್ತಿರಬಹುದು.

2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿಯಾಗಿ ಆರು ಜನರ ಹಣಕಾಸು ನೀತಿ ಸಮಿತಿ ಬಂತು. ಗ್ರಾಹಕ ಬೆಲೆ ಹಣದುಬ್ಬರಕ್ಕೆ ಶೇ. 4ರ ಗುರಿ, ಎರಡೂ ಕಡೆ 2 ಅಂಶದ ಸಡಿಲಿಕೆ. ಸಭೆಯ ನಿರ್ಣಯ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಎರಡು ವಾರದ ನಂತರ ಬರುವ ಸಭಾ ನಡಾವಳಿಯಲ್ಲಿ ಪ್ರತಿ ಸದಸ್ಯರ ಮತ, ಅದಕ್ಕೆ ಕೊಟ್ಟ ಕಾರಣ ಎರಡೂ ಇರುತ್ತವೆ. ಪಠ್ಯಪುಸ್ತಕದ ಯಾವ ಅಧ್ಯಾಯವೂ ಇಷ್ಟು ಕಲಿಸದು. ಓದುವಾಗ ಎದುರಿಗೆ ಟೇಲರ್ 1993ರಲ್ಲಿ ಅಮೆರಿಕದ ಮಟ್ಟಿಗೆ ಬರೆದ ನಿಯಮ ಇಟ್ಟುಕೊಳ್ಳಿ: ಬಡ್ಡಿ ದರ ಎಂದರೆ 2, ಜೊತೆಗೆ ಹಣದುಬ್ಬರ, ಜೊತೆಗೆ ಗುರಿಯಾದ 2ಕ್ಕಿಂತ ಹಣದುಬ್ಬರ ಮೀರಿದ್ದರ ಅರ್ಧ, ಜೊತೆಗೆ ಉತ್ಪಾದನೆಯ ಅಂತರದ (ಉತ್ಪಾದನೆ ತನ್ನ ಸಹಜ ಮಟ್ಟಕ್ಕಿಂತ ಶೇಕಡಾ ಎಷ್ಟು ಮೇಲಿದೆ ಎಂಬುದರ) ಅರ್ಧ. ಉತ್ಪಾದನೆಯ ಅಂತರ ಸೊನ್ನೆಯಿದ್ದು ಹಣದುಬ್ಬರ 2 ಇದ್ದರೆ ಬಡ್ಡಿ 4; ಹಣದುಬ್ಬರ 4 ಆದರೆ ಬಡ್ಡಿ 7. ಹಣದುಬ್ಬರ ಎರಡು ಏರಿದ್ದಕ್ಕೆ ಬಡ್ಡಿ ಮೂರು ಏರಬೇಕು. ಬಡ್ಡಿ ಹಣದುಬ್ಬರಕ್ಕಿಂತ ಕಡಿಮೆ ಏರಿದರೆ ನಿಜ ಬಡ್ಡಿ (ಬಡ್ಡಿಯಲ್ಲಿ ಹಣದುಬ್ಬರ ಕಳೆದು ಉಳಿದದ್ದು) ಇಳಿದು ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ.

ಒಂದು ಅಭ್ಯಾಸ ಕೊಡುತ್ತೇನೆ. 2023ರ ಜುಲೈನಲ್ಲಿ ಟೊಮ್ಯಾಟೊ ಬೆಲೆ ನೆನಪಿದೆಯಲ್ಲ? ಆ ತಿಂಗಳ ಹಣದುಬ್ಬರ ಶೇ. 7.44. ಆದರೂ ಆಗಸ್ಟ್ ಸಭೆಯಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಏರಲಿಲ್ಲ. 2023ರ ಫೆಬ್ರವರಿಯಲ್ಲಿ 6.5ಕ್ಕೆ ಬಂದದ್ದು 2025ರ ಫೆಬ್ರವರಿವರೆಗೂ ಅಲ್ಲೇ ನಿಂತಿತ್ತು. ಯಾಕೆ? ಆಗಿನ 2012ರ ಆಧಾರ ವರ್ಷದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ತೂಕ ಶೇ. 45.86 ಎಂಬುದನ್ನೂ, ಬಡ್ಡಿ ಏರಿಸಿದರೆ ಟೊಮ್ಯಾಟೊ ಬೆಳೆಯುವುದಿಲ್ಲ ಎಂಬುದನ್ನೂ, ಆದರೆ ತರಕಾರಿ ಬೆಲೆ ನೋಡಿ ಜನ ಮುಂದಿನ ಹಣದುಬ್ಬರ ಊಹಿಸುತ್ತಾರೆ ಎಂಬುದನ್ನೂ ಇಟ್ಟುಕೊಂಡು ಎರಡು ಪುಟ ಬರೆಯಿರಿ. ಪೂರೈಕೆಯ ಆಘಾತ, ನಿರೀಕ್ಷೆ, ವಿಶ್ವಾಸಾರ್ಹತೆ ಮೂರೂ ಅದರಲ್ಲಿ ಬಂದುಹೋಗುತ್ತವೆ.

ಕೊನೆಯ ಸೆಮಿಸ್ಟರ್‌ಗಳ ಮಾದರಿಗಳು

ನಿಜ ವ್ಯಾಪಾರ ಚಕ್ರ ಮತ್ತು ನವ ಕೇನ್ಸೀಯ ಮಾದರಿ ಎಂದಾಗ ಹೊಸ ಲೋಕ ಬಂತೆಂದು ಗಾಬರಿ ಬೇಡ. ಮೊದಲನೆಯದು ರ್‍ಯಾಮ್ಸೆ ಮಾದರಿಗೆ ತಂತ್ರಜ್ಞಾನದ ಆಕಸ್ಮಿಕ ಏರಿಳಿತವನ್ನೂ, ಎಷ್ಟು ಹೊತ್ತು ದುಡಿಯಬೇಕು ಎಂಬ ಆಯ್ಕೆಯನ್ನೂ ಸೇರಿಸಿದ್ದು. ಎರಡನೆಯದರಲ್ಲಿ ಅದೇ ಆಯ್ಲರ್ ಸಮೀಕರಣ ಐಎಸ್ ರೇಖೆಯಾಗಿ ಕೂತಿರುತ್ತದೆ. ಪಕ್ಕದಲ್ಲಿ ಕ್ಯಾಲ್ವೊ 1983ರಲ್ಲಿ ಹೇಳಿದಂತೆ ಪ್ರತಿ ಸಲ ಕೆಲವರು ಮಾತ್ರ ಬೆಲೆ ಬದಲಿಸಬಲ್ಲರು ಎಂಬ ಊಹೆಯಿಂದ ಬಂದ ಫಿಲಿಪ್ಸ್ ರೇಖೆ, ಮೇಲೆ ಟೇಲರ್ ನಿಯಮ. ಈ ಮೂರೂ ನಿಮಗೆ ಆಗಲೇ ಪರಿಚಿತ. ಹೋಟೆಲಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ದೋಸೆ ದರ ದಿನಾ ಬದಲಾಗುವುದಿಲ್ಲ, ಆದರೆ ಬದಲಾದಾಗ ಮುಂದಿನ ಆರು ತಿಂಗಳ ಉದ್ದಿನಬೇಳೆ ಬೆಲೆಯನ್ನೂ ಅಂದಾಜಿಸಿ ಬದಲಾಗುತ್ತದೆ. ಕ್ಯಾಲ್ವೊ ಅವರ ಬೀಜಗಣಿತ ದೀರ್ಘ. ಒಂದು ಸಲ ಪೂರ್ತಿ ಕೈಯಲ್ಲಿ ಮಾಡಿ ಬಿಡಿ, ಮತ್ತೆ ಮತ್ತೆ ಬೇಕಿಲ್ಲ.

ಪುಸ್ತಕ, ನೋಟು, ಜೊತೆಗಾರರು

ಡೇವಿಡ್ ರೋಮರ್ ಅವರ ಪುಸ್ತಕ ಒಂದೇ ಸಾಕು, ಆದರೆ ನೇರವಾಗಿ ಅದಕ್ಕೆ ಕೈ ಹಾಕಿದರೆ ಹಲ್ಲು ಮುರಿಯುತ್ತದೆ. ಪ್ರತಿ ವಿಷಯವನ್ನೂ ಮೊದಲು ಮ್ಯಾಂಕ್ಯೂ ಅವರ ಪದವಿ ಮಟ್ಟದ ಪುಸ್ತಕದಲ್ಲಿ ಓದಿ ನಂತರ ಅಲ್ಲಿಗೆ ಹೋಗಿ. ಅಧ್ಯಾಯದ ಕೊನೆಯ ಲೆಕ್ಕಗಳಲ್ಲಿ ಮೂರನ್ನಾದರೂ ಮಾಡದೆ ಅಧ್ಯಾಯ ಮುಗಿಯಿತು ಎನ್ನಬೇಡಿ. ಜೆರಾಕ್ಸ್ ನೋಟ್ಸನ್ನು ಹಳೆಯ ಪ್ರಶ್ನೆಗಳಿಗಾಗಿ ಮಾತ್ರ ಇಟ್ಟುಕೊಳ್ಳಿ. ನನ್ನ ಕೈಗೆ ಬಂದ ಪ್ರತಿಯಲ್ಲಿ ಒಂದು ಕೂಡು ಚಿಹ್ನೆ ಕಳೆಯುವ ಚಿಹ್ನೆಯಾಗಿತ್ತು, ಮೂರು ಬ್ಯಾಚಿನವರು ಅದನ್ನೇ ಬರೆದಿದ್ದರು.

ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ಮಧ್ಯೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ ಸಮೀಕರಣ, ಬಲಕ್ಕೆ "ಅಂದರೆ ಏನು?" ಬಲಭಾಗ ಕನ್ನಡದಲ್ಲೇ ಇರಲಿ, ಅದೂ ನೀವು ಮನೆಯಲ್ಲಿ ಆಡುವ ಕನ್ನಡದಲ್ಲಿ. ಪರೀಕ್ಷೆ ಯಾವ ಭಾಷೆಯಲ್ಲಿ ಬರೆದರೂ ಯೋಚನೆ ಅಲ್ಲಿಂದಲೇ ಹೊರಡಬೇಕು. ಬಲಭಾಗ ಖಾಲಿ ಉಳಿದ ಸಾಲುಗಳೇ ನಿಮಗೆ ಗೊತ್ತಿಲ್ಲದ ಸಾಲುಗಳು. ಮೇಷ್ಟ್ರ ಹತ್ತಿರ ಹೋಗುವಾಗ ಅವುಗಳನ್ನು ಮಾತ್ರ ತೆಗೆದುಕೊಂಡು ಹೋಗಿ. "ಸಾರ್, ಈ ಅಧ್ಯಾಯ ಅರ್ಥ ಆಗಿಲ್ಲ" ಎಂದರೆ ಯಾವ ಮೇಷ್ಟ್ರಿಗೂ ಉತ್ತರ ತೋಚದು. "ಸಾರ್, ಈ ಮೂರನೇ ಸಾಲಿನಿಂದ ನಾಲ್ಕನೇ ಸಾಲು ಹೇಗೆ ಬಂತು" ಎಂದರೆ ಐದು ನಿಮಿಷದ ಕೆಲಸ.

ಮೂರು ಜನರ ಗುಂಪು ಮಾಡಿಕೊಳ್ಳಿ, ಐದಾದರೆ ಹರಟೆಯಾಗುತ್ತದೆ. ವಾರಕ್ಕೊಮ್ಮೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆಯುತ್ತ ಒಬ್ಬರು ಒಂದು ಮಾದರಿ ಹೇಳಬೇಕು, ಕಾಗದವಿಲ್ಲದೆ. ಕಾಗದವಿಲ್ಲದೆ ಹೇಳಲು ಹೊರಟಾಗಲೇ ಯಾವ ಊಹೆಯಿಂದ ಯಾವ ಫಲಿತಾಂಶ ಬಂತು ಎಂಬುದು ಬಯಲಾಗುತ್ತದೆ.

ಮೂಲ ಪ್ರಬಂಧಗಳನ್ನು ಎರಡನೇ ವರ್ಷಕ್ಕೆ ಬಿಡಿ, ಆದರೆ ಎರಡಾದರೂ ಓದಿ. ಮೊದಲು ಪೀಠಿಕೆ, ಮಾದರಿಯ ಊಹೆಗಳು, ಫಲಿತಾಂಶ; ಗಣಿತದ ಸಾಧನೆಗಳನ್ನು (ಪ್ರೂಫ್) ಕೊನೆಗೆ. ಸೋಲೋ 1956ರದ್ದು ಶುರು ಮಾಡಲು ಒಳ್ಳೆಯದು, ಬರವಣಿಗೆ ತಿಳಿಯಾಗಿದೆ.

ಪರೀಕ್ಷೆಯಲ್ಲಿ ಸೈದ್ಧಾಂತಿಕ ಪ್ರಶ್ನೆಗೆ ಉತ್ತರ ಬರೆಯುವ ಕ್ರಮ ಒಂದೇ: ಪ್ರಶ್ನೆ ಹುಟ್ಟಿದ್ದು ಯಾಕೆ ಎಂದು ಎರಡು ಸಾಲು, ಊಹೆಗಳು, ಸಮೀಕರಣ, ಚಿತ್ರ, ಅರ್ಥ, ಒಂದು ಮಿತಿ. ಚಿತ್ರದ ಅಕ್ಷಗಳಿಗೆ ಹೆಸರು ಬರೆಯದೆ ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಹಿಂದಿನ ರಾತ್ರಿ ಹೊಸ ಅಧ್ಯಾಯ ತೆಗೆಯಬೇಡಿ. ಎಡಭಾಗ ಮುಚ್ಚಿ ಬಲಭಾಗ ಓದುತ್ತ ಹೋಗಿ, ಸಮೀಕರಣ ತಾನಾಗಿ ಬರುತ್ತದೋ ನೋಡಿ. ಮಂಡ್ಯದಿಂದ ಬರುವವರು ಅವತ್ತು ಒಂದು ರೈಲು ಮೊದಲೇ ಹಿಡಿಯಿರಿ. ಪರೀಕ್ಷೆ ದಿನ ಪಾಸ್ ಇದ್ದರೂ ಕೂರಲು ಜಾಗ ಸಿಗುವುದಿಲ್ಲ.